ಎರಡೂ ಕಡೆ ಬಂದೂಕು ಹಿಡಿದ ಸಿಪಾಯಿ, 2020ರವರೆಗೂ ಬಂದ ಪಿಂಚಣಿ

ಪ್ರಶ್ನೆ: ನನ್ನ ಮಗ ಅಮೆರಿಕದ ಶಾರ್ಲಟ್ ನಗರದಲ್ಲಿದ್ದಾನೆ. ಸೊಸೆ ಅಲ್ಲಿಯವಳೇ, ಉತ್ತರ ಕ್ಯಾರೊಲಿನಾದ ಬೆಟ್ಟದ ಕಡೆಯವಳು. ಅಮೆರಿಕದ ಅಂತರ್ಯುದ್ಧದ ಪಿಂಚಣಿ 2020ರವರೆಗೂ ಒಬ್ಬರಿಗೆ ಬರುತ್ತಿತ್ತು ಎಂದು ಅವಳು ಹೇಳಿದಳು. ಆ ಯುದ್ಧ ಮುಗಿದದ್ದು 1865ರಲ್ಲಿ ಅಲ್ವಾ? ಇದು ಹೇಗೆ ಸಾಧ್ಯ? ಆ ಸಿಪಾಯಿ ಯಾರು? ಸೊಸೆಯ ಮುತ್ತಜ್ಜನ ಅಪ್ಪನೂ ಆ ಯುದ್ಧಕ್ಕೆ ಹೋಗಿದ್ದನಂತೆ. ಯಾವ ಕಡೆಯಿಂದ ಎಂದು ಕೇಳಿದರೆ ಮಾತ್ರ ಮನೆಯ ಹಿರಿಯರು ಮಾತು ತಿರುಗಿಸುತ್ತಾರಂತೆ. ಅದನ್ನು ಹುಡುಕಿ ತಿಳಿಯಬಹುದಾ?
(ಓದುಗರೊಬ್ಬರು, ಧಾರವಾಡ)

ಉತ್ತರ:

ನಿಮ್ಮ ಸೊಸೆ ಹೇಳಿದ್ದು ನಿಜ. ಆ ಪಿಂಚಣಿ ಪಡೆಯುತ್ತಿದ್ದವರು ಐರೀನ್ ಟ್ರಿಪ್ಲೆಟ್. 2020ರ ಮೇ 31ರಂದು ಉತ್ತರ ಕ್ಯಾರೊಲಿನಾದ ವಿಲ್ಕ್ಸ್‌ಬರೊದಲ್ಲಿ ತೀರಿಕೊಂಡರು. ಆಗ ಅವರಿಗೆ 90 ವರ್ಷ. ಅಲ್ಲಿಯವರೆಗೂ ಅಮೆರಿಕದ ಕೇಂದ್ರ ಸರ್ಕಾರ ಅವರಿಗೆ ತಿಂಗಳಿಗೆ 73 ಡಾಲರ್ 13 ಸೆಂಟ್ ಕೊಡುತ್ತಿತ್ತು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು ಐದೂವರೆ ಸಾವಿರ ರೂಪಾಯಿ. ಯಾವ ಬೆಲೆಯೇರಿಕೆಗೂ ಹೊಂದಿಕೊಳ್ಳದೆ ನಿಂತುಬಿಟ್ಟ ಮೊತ್ತ ಅದು. ಅವರ ಅಪ್ಪ ಮೋಸ್ ಟ್ರಿಪ್ಲೆಟ್ ಆ ಯುದ್ಧದಲ್ಲಿ ಸಿಪಾಯಿ ಆಗಿದ್ದ.

ಅಪ್ಪ ಎಂದೆ, ಗಮನಿಸಿ. ತಾತ ಅಲ್ಲ, ಮುತ್ತಾತ ಅಲ್ಲ. ಮೋಸ್ ಹುಟ್ಟಿದ್ದು 1846ರಲ್ಲಿ. ಮೊದಲ ಹೆಂಡತಿ ತೀರಿಕೊಂಡಳು, ಆ ಮದುವೆಯಲ್ಲಿ ಮಕ್ಕಳಿರಲಿಲ್ಲ. 1924ರಲ್ಲಿ, 78ರ ವಯಸ್ಸಿನಲ್ಲಿ, ಎಲೈಡಾ ಹಾಲ್ ಎಂಬ ಹೆಂಗಸನ್ನು ಮದುವೆಯಾದ. ಅವಳು ಅವನಿಗಿಂತ ಸುಮಾರು 50 ವರ್ಷ ಚಿಕ್ಕವಳು. ಐದು ಮಕ್ಕಳಾದವು, ಮೂರು ಕೂಸಿದ್ದಾಗಲೇ ಹೋದವು. ಬದುಕಿದವರು ಇಬ್ಬರು. 1930ರ ಜನವರಿಯಲ್ಲಿ ಐರೀನ್ ಹುಟ್ಟಿದಾಗ ಅಪ್ಪನಿಗೆ 83. ತಮ್ಮ ಎವರೆಟ್ ಹುಟ್ಟಿದಾಗ 87ರ ಹತ್ತಿರ. ಅಪ್ಪ 92ರವರೆಗೆ ಬದುಕಿದ, ಮಗಳು 90ರವರೆಗೆ. ಎರಡೇ ಜೀವಗಳು 174 ವರ್ಷ ದಾಟಿಬಿಟ್ಟವು. ಲೆಕ್ಕ ಇಷ್ಟೇ, ಇದರಲ್ಲಿ ಪವಾಡ ಇಲ್ಲ.

ವಯಸ್ಸಿನ ಲೆಕ್ಕ ಸರಿಹೋಯಿತು. ಆದರೆ 1865ರ ಸಿಪಾಯಿಯ ಹಕ್ಕು ಮಗಳಿಗೆ, ಅದೂ ಅವಳ ಜೀವಮಾನ ಪೂರ್ತಿ, ಹೇಗೆ ಬಂತು? ಅದಕ್ಕೆ ಎರಡು ಕಾರಣ. ಒಂದು, 1890ರ ಪಿಂಚಣಿ ಕಾಯಿದೆಯಲ್ಲಿದ್ದ ಒಂದು ಸಾಲು. ಇನ್ನೊಂದು, 1863ರ ಬೇಸಿಗೆಯಲ್ಲಿ ಆಸ್ಪತ್ರೆಯಿಂದ ಕಾಲ್ಕಿತ್ತ 17ರ ಒಬ್ಬ ಹುಡುಗ. ಹುಡುಗನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ನಿಮ್ಮ ಸೊಸೆಯ ಮನೆಯವರು ಮಾತು ತಿರುಗಿಸುವುದಕ್ಕೂ ಇದಕ್ಕೂ ಸಂಬಂಧ ಇರಬಹುದು.

ಉತ್ತರ ಕ್ಯಾರೊಲಿನಾ ಎಂಬ ಹೆಸರಲ್ಲಿ 'ಉತ್ತರ' ಇದ್ದರೂ ಅದು ಯುದ್ಧದಲ್ಲಿ ದಕ್ಷಿಣದ ಪಕ್ಷ. ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ, ಅಂದರೆ ಉತ್ತರದವರ ಪಕ್ಷವಾಗಿ ಉಳಿದ ಅಮೆರಿಕದಿಂದ, ಹೊರಬಂದ ಕಾನ್ಫೆಡರೇಟ್ ರಾಜ್ಯಗಳಲ್ಲೊಂದು. ಆದರೆ ಅದರ ಪಶ್ಚಿಮದ ತುದಿ ಅಪಲೇಚಿಯನ್ ಬೆಟ್ಟಗಳ ಸೀಮೆ. ಅಲ್ಲಿ ಹತ್ತಿಯ ದೊಡ್ಡ ತೋಟಗಳಿಲ್ಲ. ಗುಲಾಮರನ್ನು ಇಟ್ಟುಕೊಂಡ ಮನೆಗಳು ಕಡಿಮೆ. ಜೋಳ ಬೆಳೆದು, ಹಂದಿ ಸಾಕಿ ಬದುಕುವ ಸಣ್ಣ ರೈತರೇ ಜಾಸ್ತಿ. ಯುದ್ಧ ಬಂದಾಗ ಇವರಲ್ಲಿ ಕೆಲವರು ಉತ್ಸಾಹದಿಂದ ಹೋದರು, ಕೆಲವರು ಬೇರೆ ದಾರಿಯಿಲ್ಲದೆ ಹೋದರು. 1862ರ ಏಪ್ರಿಲ್‌ನಲ್ಲಿ 18ರಿಂದ 35ರ ಗಂಡಸರಿಗೆ ಕಡ್ಡಾಯ ಸೈನ್ಯಭರ್ತಿ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, 20 ಅಥವಾ ಹೆಚ್ಚು ಗುಲಾಮರಿರುವ ತೋಟಕ್ಕೆ ಒಬ್ಬ ಗಂಡಸಿನ ವಿನಾಯಿತಿ ಸಿಕ್ಕಿತು. ಮರು ವರ್ಷ ರೈತರ ಬೆಳೆಯಲ್ಲಿ ಹತ್ತನೇ ಒಂದು ಪಾಲು ತೆರಿಗೆ. ಬೆಟ್ಟದವರಿಗೆ ಸಿಟ್ಟು ಬರದೆ ಇರುತ್ತಾ? ವಿಲ್ಕ್ಸ್‌ಬರೊ ಇರುವ ವಿಲ್ಕ್ಸ್ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಆಗಲೇ ಒಕ್ಕೂಟದ ಪರ ಎಂದು ಹೆಸರು ಕೆಡಿಸಿಕೊಂಡಿತ್ತು.

ಮೋಸ್ 1862ರ ಮೇ ತಿಂಗಳಲ್ಲಿ, 16ನೇ ವಯಸ್ಸಿನಲ್ಲಿ, ಕಾನ್ಫೆಡರೇಟ್ ಸೈನ್ಯದ 53ನೇ ನಾರ್ತ್ ಕ್ಯಾರೊಲಿನಾ ರೆಜಿಮೆಂಟ್ ಸೇರಿದ. 1863ರ ಜನವರಿಯಲ್ಲಿ ಅವನನ್ನು 26ನೇ ರೆಜಿಮೆಂಟ್‌ಗೆ ಹಾಕಿದರು. ಅದು ಹೆಸರುವಾಸಿ ರೆಜಿಮೆಂಟ್. ಮೊದಲ ಕರ್ನಲ್ ಆಗಿದ್ದ ಝೆಬ್ಯುಲನ್ ವಾನ್ಸ್ ಅಷ್ಟರಲ್ಲಿ ರಾಜ್ಯದ ಗವರ್ನರ್ ಆಗಿದ್ದರು. ಅವರ ಜಾಗಕ್ಕೆ ಬಂದಿದ್ದ ಹೆನ್ರಿ ಬರ್ಗ್ವಿನ್‌ಗೆ ಇನ್ನೂ 21 ವರ್ಷ, ಜನ ಅವನನ್ನು ಬಾಲ ಕರ್ನಲ್ ಎಂದೇ ಕರೆಯುತ್ತಿದ್ದರು.

ಇದೇ 26ನೇ ರೆಜಿಮೆಂಟಿನಲ್ಲಿ ಇನ್ನೊಂದು ವಿಚಿತ್ರ ಪ್ರಸಂಗ ನಡೆದಿತ್ತು. ಬೆಟ್ಟದ ಕಡೆಯ ಕೀತ್ ಬ್ಲೇಲಾಕ್ ಎಂಬವನ ಜೊತೆ ಅವನ ತಮ್ಮ 'ಸ್ಯಾಮ್' ಎಂದು ಒಬ್ಬ ಭರ್ತಿಯಾಗಿದ್ದ. ಆಮೇಲೆ ನೋಡಿದರೆ ಆ ಸ್ಯಾಮ್ ಕೀತ್‌ನ ಹೆಂಡತಿ ಮಲಿಂಡಾ! ಕೀತ್ ಮೈಗೆ ವಿಷದ ಸೊಪ್ಪು ಉಜ್ಜಿಕೊಂಡು, ರೋಗ ಬಂದಿದೆ ಎಂದು ತೋರಿಸಿ ಬಿಡುಗಡೆ ಪಡೆದ. ಮುಂದೆ ಗಂಡ ಹೆಂಡತಿ ಇಬ್ಬರೂ ಉತ್ತರದವರ ಪರ ಬೆಟ್ಟದಲ್ಲಿ ಕಾದಾಡಿದರು. ಇದನ್ನು ಸುಮ್ನೆ ಹೇಳಲಿಲ್ಲ. ಕಡೆ ಬದಲಿಸಿದ್ದು ಮೋಸ್ ಒಬ್ಬನೇ ಅಲ್ಲ ಎಂದು ತೋರಿಸಲು ಹೇಳಿದೆ.

1863ರ ಜೂನ್‌ನಲ್ಲಿ ಕಾನ್ಫೆಡರೇಟ್ ಜನರಲ್ ಲೀ ಸೈನ್ಯ ಉತ್ತರದ ಪೆನ್ಸಿಲ್ವೇನಿಯಾ ಕಡೆ ಹೊರಟಿತು. ದಾರಿಯಲ್ಲಿ ಮೋಸ್ ಕಾಯಿಲೆ ಬಿದ್ದ. ಆ ಯುದ್ಧದಲ್ಲಿ ಗುಂಡಿಗಿಂತ ರೋಗಕ್ಕೆ ಸತ್ತವರೇ ಜಾಸ್ತಿ. ದೂರದೂರ ಮನೆಗಳಿರುವ ಬೆಟ್ಟದಲ್ಲಿ ಬೆಳೆದ ಹುಡುಗರು ಸಾವಿರಾರು ಜನರ ಶಿಬಿರಕ್ಕೆ ಬಂದ ಕೂಡಲೇ ದಡಾರ, ಟೈಫಾಯಿಡ್, ಭೇದಿಗೆ ಸಿಕ್ಕಿಬೀಳುತ್ತಿದ್ದರು. ಮೋಸ್‌ನನ್ನು ವರ್ಜೀನಿಯಾದ ಡ್ಯಾನ್‌ವಿಲ್ ಆಸ್ಪತ್ರೆಗೆ ಸೇರಿಸಿದರು. ಜೂನ್ ಕೊನೆಯಲ್ಲಿ ಅವನು ಅಲ್ಲಿಂದ ಪರಾರಿ.

ಅವನ ರೆಜಿಮೆಂಟ್ ಜುಲೈ 1ರಂದು ಗೆಟಿಸ್‌ಬರ್ಗ್‌ನಲ್ಲಿ ಉತ್ತರದವರ 24ನೇ ಮಿಷಿಗನ್ ರೆಜಿಮೆಂಟ್ ಎದುರು ನಿಂತಿತು. ಧ್ವಜ ಹಿಡಿದವನು ಬಿದ್ದರೆ ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ, ಅವನೂ ಬೀಳುತ್ತಿದ್ದ. ಬರ್ಗ್ವಿನ್ ಕೂಡ ಧ್ವಜ ಕೈಗೆತ್ತಿಕೊಂಡಾಗಲೇ ಗುಂಡು ತಿಂದು ಸತ್ತ. ಮೂರು ದಿನದ ಕಾಳಗ ಮುಗಿಯುವ ಹೊತ್ತಿಗೆ ರೆಜಿಮೆಂಟಿನ ಸುಮಾರು 800 ಜನರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಸತ್ತಿದ್ದರು, ಗಾಯಗೊಂಡಿದ್ದರು ಅಥವಾ ಸೆರೆಯಾಗಿದ್ದರು. ಮೋಸ್ ಓಡಿಹೋದದ್ದು ಹೇಡಿತನವೋ ಜಾಣತನವೋ ಎಂದು ಜನ ನನ್ನನ್ನು ಆಗಾಗ ಕೇಳುತ್ತಾರೆ. ಕಾಳಗದ ದಿನ ಯಾವುದು, ಊರು ಯಾವುದು ಎಂದು ಲೀಗೇ ಮುಂಚೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದ ಹುಡುಗನಿಗೆ ಹೇಗೆ ಗೊತ್ತಿರುತ್ತೆ? ಕಾಯಿಲೆ ಬಿದ್ದವನಿಗೆ ಮನೆ ಕಡೆ ಕಾಲು ಎಳೆದಿರಬೇಕು. ಇದಕ್ಕಿಂತ ದೊಡ್ಡ ಕಾರಣ ಹುಡುಕುವುದು ನನಗೆ ಸರಿ ಕಾಣುವುದಿಲ್ಲ.

ಮನೆ ಕಡೆ ಹೋದರೂ ಮನೆಯಲ್ಲಿ ಇರುವಂತಿರಲಿಲ್ಲ. ಓಡಿಹೋದವರನ್ನು ಹಿಡಿಯಲು ಹೋಮ್ ಗಾರ್ಡ್ ಎಂಬ ಪಡೆ ಊರೂರು ತಿರುಗುತ್ತಿತ್ತು. ಸಿಕ್ಕಿಬಿದ್ದರೆ ಗುಂಡಿಟ್ಟು ಕೊಲ್ಲುವ ಶಿಕ್ಷೆಯೂ ಆಗಬಹುದು. ಇಂಥ ಸಾವಿರಾರು ಹುಡುಗರು ಕಾಡಿನಲ್ಲಿ, ಬಂಡೆ ಸಂದಿಯಲ್ಲಿ ಅಡಗಿರುತ್ತಿದ್ದರು. ಅಮ್ಮ, ಅಕ್ಕ ತಂಗಿಯರು ಊಟ ತಂದು ಗೊತ್ತಾದ ಜಾಗದಲ್ಲಿ ಇಟ್ಟುಹೋಗುತ್ತಿದ್ದರು. ಆ ಊಟದ ಜಾಡು ಹಿಡಿಯಲು ಹೋಮ್ ಗಾರ್ಡಿನವರು ಹೆಂಗಸರನ್ನು ಹಿಂಸಿಸಿದ್ದೂ ಉಂಟು. 1863ರ ಜನವರಿಯಲ್ಲಿ ಮ್ಯಾಡಿಸನ್ ಕೌಂಟಿಯ ಶೆಲ್ಟನ್ ಲಾರೆಲ್ ಕಣಿವೆಯಲ್ಲಿ ಕಾನ್ಫೆಡರೇಟ್ ಸಿಪಾಯಿಗಳು 13 ಮಂದಿಯನ್ನು ಹಿಡಿದು ಗುಂಡಿಟ್ಟು ಕೊಂದರು. ಅವರಲ್ಲಿ ಮುದುಕರೂ ಇದ್ದರು, ಹುಡುಗರೂ ಇದ್ದರು. ಗುಂಡು ಹಾರಿಸಿದವರೂ ಸತ್ತವರೂ ಅಕ್ಕಪಕ್ಕದ ಸೀಮೆಯವರೇ.

1863ರ ಸೆಪ್ಟೆಂಬರ್‌ನಲ್ಲಿ ಬೆಟ್ಟದ ಆಚೆ ಟೆನೆಸಿಯ ನಾಕ್ಸ್‌ವಿಲ್ ಉತ್ತರದವರ ಕೈಸೇರಿತು. ಅಲ್ಲಿಂದಾಚೆಗೆ ಓಡಿಹೋದವರಿಗೆ ಒಂದು ಗುರಿ ಸಿಕ್ಕಿತು. ರಾತ್ರಿ ದಾರಿ ತೋರಿಸುವ ಜನರೂ ಇದ್ದರು. ಮೋಸ್ 1864ರ ಆಗಸ್ಟ್ 1ರಂದು ನಾಕ್ಸ್‌ವಿಲ್‌ನಲ್ಲಿ ಒಕ್ಕೂಟದ ಸೈನ್ಯಕ್ಕೆ ಹೆಸರು ಬರೆಸಿದ. ರೆಜಿಮೆಂಟ್ 3ನೇ ನಾರ್ತ್ ಕ್ಯಾರೊಲಿನಾ ಮೌಂಟೆಡ್ ಇನ್‌ಫೆಂಟ್ರಿ, ಅಂದರೆ ಕುದುರೆ ಮೇಲೆ ಸಾಗುವ ಕಾಲಾಳು ಪಡೆ. ಕರ್ನಲ್ ಜಾರ್ಜ್ ಕರ್ಕ್. ಜನ ಈ ಪಡೆಯನ್ನು ಕರ್ಕ್‌ನ ದಾಳಿಕೋರರು ಎನ್ನುತ್ತಿದ್ದರು. ಸೇತುವೆ ಸುಡುವುದು, ದಾಸ್ತಾನು ಹಾಳುಮಾಡುವುದು, ಘಾಟಿಗಳನ್ನು ಹಿಡಿದು ಕೂರುವುದು ಇವರ ಕೆಲಸ. 1865ರ ವಸಂತದಲ್ಲಿ ಒಕ್ಕೂಟದ ಜನರಲ್ ಸ್ಟೋನ್‌ಮನ್ ಈ ಬೆಟ್ಟಗಳನ್ನು ದಾಟಿ ದಾಳಿ ಮಾಡಿದಾಗ ಹಿಂದಿನಿಂದ ಘಾಟಿ ಕಾದವರು ಕರ್ಕ್‌ನ ಜನ. ಒಕ್ಕೂಟದ ದೃಷ್ಟಿಯಲ್ಲಿ ಇದು ಸೇವೆ. ಕುದುರೆ, ಹಂದಿ, ಜೋಳ ಕಳೆದುಕೊಂಡ ಊರವರ ದೃಷ್ಟಿಯಲ್ಲಿ ದರೋಡೆ. ಆಗಸ್ಟ್ 1865ರಲ್ಲಿ ರೆಜಿಮೆಂಟನ್ನು ಬಿಡುಗಡೆ ಮಾಡಿದರು. ಮೋಸ್‌ಗೆ 19 ವರ್ಷ. ಎರಡು ಸೈನ್ಯಗಳ ಅನುಭವ ಆಗಿತ್ತು!

ಅವನು ಬೇರೆಲ್ಲಿಗೂ ಹೋಗಲಿಲ್ಲ. ವಿಲ್ಕ್ಸ್ ಕೌಂಟಿಗೇ ಬಂದು ಹೊಲ ಮಾಡಿದ. ಅದಕ್ಕೆ ಗಟ್ಟಿ ಗುಂಡಿಗೆ ಬೇಕಿತ್ತು. ಯಾಕೆಂದರೆ ಯುದ್ಧ ಮುಗಿದರೂ ಕರ್ಕ್ ಹೆಸರು ತಣ್ಣಗಾಗಲಿಲ್ಲ. 1870ರಲ್ಲಿ ಗವರ್ನರ್ ವಿಲಿಯಂ ಹೋಲ್ಡನ್, ಬಿಳಿಯರ ಗುಪ್ತ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್ ಮಾಡುತ್ತಿದ್ದ ಕೊಲೆಗಳನ್ನು ಹತ್ತಿಕ್ಕಲು ಇದೇ ಕರ್ಕ್‌ನನ್ನು ಕರೆಸಿದರು. ಎದುರಾಳಿಗಳು ಅದನ್ನೇ ಹಿಡಿದುಕೊಂಡು ಹೋಲ್ಡನ್ ಮೇಲೆ ದೋಷಾರೋಪ ಹೊರಿಸಿ 1871ರಲ್ಲಿ ಅಧಿಕಾರದಿಂದಲೇ ಕಿತ್ತುಹಾಕಿದರು. ಅಮೆರಿಕದ ಇತಿಹಾಸದಲ್ಲಿ ಹಾಗೆ ಹುದ್ದೆ ಕಳೆದುಕೊಂಡ ಮೊದಲ ಗವರ್ನರ್ ಅವರು. ಇಂಥ ರಾಜ್ಯದಲ್ಲಿ ‘ನಾನು ಕರ್ಕ್ ಕಡೆಯವನು’ ಎಂದು ಹೇಳಿಕೊಂಡು ಬದುಕುವುದು ಹೇಗಿದ್ದಿರಬೇಕು!

ಮುದುಕ ಮೋಸ್ ಬಗ್ಗೆ ಊರಲ್ಲಿ ಕತೆಗಳು ಬಹಳ. ಗಿಲಕಿ ಹಾವು ಸಾಕಿದ್ದನಂತೆ, ತೊಡೆಯ ಮೇಲೆ ಪಿಸ್ತೂಲು ಇಟ್ಟುಕೊಂಡು ಜಗಲಿಯಲ್ಲಿ ಕೂರುತ್ತಿದ್ದನಂತೆ. ಹಾವಿನ ಕತೆ ಬಾಯಿಂದ ಬಾಯಿಗೆ ಬಂದದ್ದು, ಅದನ್ನು ಅಷ್ಟಕ್ಕೇ ಬಿಡಬಹುದು. ಪಿಸ್ತೂಲಿನ ಕತೆ ಮಾತ್ರ ನನಗೆ ನಂಬುವಂತೆ ಕಾಣುತ್ತೆ. ಓಡಿಹೋದವನು, ಮೇಲೆ ಕರ್ಕ್ ಪಡೆಯವನು. ಅಂಥವನಿಗೆ ಜಗಲಿಯಲ್ಲಿ ಬರಿಗೈಲಿ ಕೂರುವ ಧೈರ್ಯ ಇರಲಿಕ್ಕಿಲ್ಲ.

ಈಗ ದುಡ್ಡಿನ ವಿಷಯ. ಮೋಸ್ ಪಿಂಚಣಿಗೆ ಅರ್ಜಿ ಹಾಕಿದ್ದು 1885ರಲ್ಲಿ. ಕೇಂದ್ರದ ಪಿಂಚಣಿ ಒಕ್ಕೂಟದ ಸಿಪಾಯಿಗಳಿಗೆ ಮಾತ್ರ. ಬಂಡಾಯಕ್ಕೆ ತಾನಾಗಿ ಸೇರಿದವರಿಗೆ ಇಲ್ಲ ಎಂದು ಕಾನೂನೇ ಇತ್ತು. ಆದರೆ ಆಮೇಲೆ ಒಕ್ಕೂಟದ ಸಮವಸ್ತ್ರ ತೊಟ್ಟವರ ವಿಷಯದಲ್ಲಿ ಅದನ್ನು ಸಡಿಲಿಸಿದ್ದರು. ಅಂದರೆ ಸರ್ಕಾರ ನೋಡಿದ್ದು ಕೊನೆಯ ಸಮವಸ್ತ್ರ ಯಾವುದು ಎಂದು. ದಕ್ಷಿಣದ ಸಿಪಾಯಿಗಳಿಗೆ ಆಯಾ ರಾಜ್ಯವೇ ಕೊಡಬೇಕಿತ್ತು. ಉತ್ತರ ಕ್ಯಾರೊಲಿನಾ ಅದೇ 1885ರಲ್ಲಿ ತನ್ನ ಅಂಗವಿಕಲ ಸಿಪಾಯಿಗಳಿಗೆ ಪುಡಿಗಾಸು ಕೊಡಲು ಶುರುಮಾಡಿತು. ಓಡಿಹೋದವನಿಗೆ ಅಲ್ಲಿ ಏನೂ ಹುಟ್ಟುತ್ತಿರಲಿಲ್ಲ. ಕಾಯಿಲೆ ಬೀಳದೆ 26ನೇ ರೆಜಿಮೆಂಟಿನಲ್ಲೇ ಉಳಿದು, ಗೆಟಿಸ್‌ಬರ್ಗ್‌ನಲ್ಲಿ ಬದುಕಿ ಬಂದಿದ್ದರೂ ಐರೀನ್‌ಗೆ 2020ರಲ್ಲಿ ಕೇಂದ್ರದಿಂದ ಒಂದು ಸೆಂಟೂ ಬರುತ್ತಿರಲಿಲ್ಲ.

1890ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿ ಹಾಕಿದ ಕಾಯಿದೆ ಈ ಪಿಂಚಣಿಯ ಬಾಗಿಲನ್ನು ಪೂರ್ತಿ ತೆಗೆಯಿತು. ಅಂಗವೈಕಲ್ಯ ಯುದ್ಧದಲ್ಲೇ ಆಗಿರಬೇಕೆಂದಿಲ್ಲ. 90 ದಿನ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾಗಿದ್ದು, ಈಗ ಮೈಬಗ್ಗಿಸಿ ದುಡಿಯಲು ಆಗದಿದ್ದರೆ ಸಾಕು. ಆ ದಶಕದಲ್ಲಿ ಕೇಂದ್ರದ ಖರ್ಚಿನಲ್ಲಿ ಐದರಲ್ಲಿ ಎರಡು ಪಾಲು ಪಿಂಚಣಿಗೇ ಹೋಗುತ್ತಿತ್ತು. ವಾಷಿಂಗ್ಟನ್‌ನಲ್ಲಿ ಈ ಇಲಾಖೆಗೆಂದೇ ಕೆಂಪು ಇಟ್ಟಿಗೆಯ ಭಾರಿ ಕಟ್ಟಡ ಎದ್ದಿತ್ತು. ಅದರ ಸುತ್ತ ಸುಟ್ಟ ಮಣ್ಣಿನಲ್ಲಿ ಸಿಪಾಯಿಗಳ ಮೆರವಣಿಗೆ ಕೆತ್ತಿದ್ದಾರೆ. ಈಗ ಅದು ನ್ಯಾಷನಲ್ ಬಿಲ್ಡಿಂಗ್ ಮ್ಯೂಸಿಯಂ. ನಿಮ್ಮ ಮಗ ವಾಷಿಂಗ್ಟನ್‌ಗೆ ಹೋದರೆ ನೋಡಲಿ, ತಲೆಯೆತ್ತಿ ಒಂದು ಸುತ್ತು ಹಾಕಿದರೆ ಸಾಕು.

ಆ ಕಾಯಿದೆಯ ಮೂರನೇ ಕಲಮಿನಲ್ಲಿ ಮಕ್ಕಳ ವಿಷಯ ಇದೆ. ಸಿಪಾಯಿಯೂ ಹೆಂಡತಿಯೂ ಇಲ್ಲದಿದ್ದರೆ 16 ವರ್ಷದವರೆಗೆ ಮಕ್ಕಳಿಗೆ. ಆದರೆ ಆ ಮಗುವಿಗೆ ಬುದ್ಧಿಭ್ರಮಣೆ ಇದ್ದರೆ, ಬುದ್ಧಿ ಬೆಳೆಯದಿದ್ದರೆ, ಇಲ್ಲವೇ ಶಾಶ್ವತವಾಗಿ ಅಸಹಾಯಕವಾಗಿದ್ದರೆ, ಬದುಕಿರುವಷ್ಟು ಕಾಲವೂ. ಐರೀನ್‌ಗೆ ಬೌದ್ಧಿಕ ತೊಂದರೆ ಇತ್ತು. ಅಮ್ಮ ಎಲೈಡಾಗೂ ಇತ್ತು. ಇದು ನಮಗೆ ಹೊಸದೇನಲ್ಲ. ನಮ್ಮ ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿ ನಿಯಮದಲ್ಲೂ ದುಡಿಯಲಾಗದ ಅಂಗವಿಕಲ ಮಗನಿಗೆ, ಮಗಳಿಗೆ ಜೀವನಪೂರ್ತಿ ಕೊಡುವ ಅವಕಾಶ ಇದೆ. ಅಲ್ಲಿ ಆಶ್ಚರ್ಯ ಹುಟ್ಟಿಸುವುದು ನಿಯಮ ಅಲ್ಲ, ಅಪ್ಪನ ಹುಟ್ಟಿದ ವರ್ಷ.

ಮುದುಕ ಸಿಪಾಯಿ, ಹರೆಯದ ಹೆಂಡತಿ ಎಂದರೆ ನಮ್ಮವರು ಮುಖ ಸಿಂಡರಿಸಬಹುದು. ಅಲ್ಲಿಯೂ ಸಿಂಡರಿಸಿದರು. ಆದರೆ 1920, 30ರ ದಶಕಗಳ ಬಡತನ ನೆನಪಿರಲಿ. ತಿಂಗಳಿಗೆ ತಪ್ಪದೆ ಬರುವ ಸರ್ಕಾರಿ ಹಣ ಇರುವ ಮನೆ ಊರಿಗೆ ಒಂದೋ ಎರಡೋ. ಟೆನೆಸಿಯ ಗರ್ಟ್ರೂಡ್ ಜೇನ್‌ವೇ 18ರಲ್ಲಿ 81ರ ಸಿಪಾಯಿಯನ್ನು ಮದುವೆಯಾಗಿ, 2003ರಲ್ಲಿ ಸಾಯುವವರೆಗೂ ವಿಧವಾ ಪಿಂಚಣಿ ಪಡೆದರು. ಮಿಸೌರಿಯ ಹೆಲೆನ್ ವಯೋಲಾ ಜಾಕ್ಸನ್ 1936ರಲ್ಲಿ, 17ರ ಹುಡುಗಿಯಾಗಿದ್ದಾಗ, 93ರ ಸಿಪಾಯಿಯನ್ನು ಮದುವೆಯಾದರು. ಆದರೆ ಪಿಂಚಣಿಗೆ ಕೈಚಾಚಲೇ ಇಲ್ಲ. ಎಷ್ಟೋ ದಶಕಗಳವರೆಗೆ ಆ ವಿಷಯ ಬಹಳ ಮಂದಿಗೆ ಹೇಳಿರಲೂ ಇಲ್ಲ. ಅವರು ತೀರಿಕೊಂಡದ್ದು 2020ರ ಡಿಸೆಂಬರ್‌ನಲ್ಲಿ, ಐರೀನ್ ಹೋದ ಕೆಲವೇ ತಿಂಗಳಿಗೆ. ಇನ್ನು ಆ ಯುದ್ಧದ ಸೈನ್ಯಗಳಲ್ಲಿದ್ದವರಲ್ಲಿ ಕೊನೆಯವನು ಎಂದು ಒಪ್ಪಿಕೊಂಡಿರುವ ಆಲ್ಬರ್ಟ್ ವೂಲ್ಸನ್ 1956ರಲ್ಲೇ ಹೋಗಿದ್ದ.

1938ರಲ್ಲಿ ಗೆಟಿಸ್‌ಬರ್ಗ್ ಕಾಳಗಕ್ಕೆ 75 ವರ್ಷ ತುಂಬಿತು. ಬದುಕುಳಿದ ಸಿಪಾಯಿಗಳನ್ನು ಕರೆಸಿದರು. ಎರಡೂ ಕಡೆಯಿಂದ ಸುಮಾರು 1,800 ಮುದುಕರು ಬಂದರು, ಸರಾಸರಿ ವಯಸ್ಸು 94. ಎರಡು ಕಡೆಯವರಿಗೂ ಬೇರೆ ಬೇರೆ ಬಿಡಾರ! ಅಧ್ಯಕ್ಷ ರೂಸ್‌ವೆಲ್ಟ್ ಜುಲೈ 3ರಂದು ಬಂದು ಶಾಂತಿ ಸ್ಮಾರಕದ ಜ್ಯೋತಿ ಉದ್ಘಾಟಿಸಿದರು. ಮೋಸ್ ಕೂಡ ಹೋಗಿದ್ದ. 1863ರಲ್ಲಿ ತನ್ನ ರೆಜಿಮೆಂಟ್ ನಾಶವಾದ ಊರಿಗೆ ಅವನು ಕಾಲಿಟ್ಟದ್ದು 92ರಲ್ಲಿ. ಅಲ್ಲಿಂದ ಬಂದ ಕೆಲವೇ ದಿನಕ್ಕೆ, ಅದೇ ಜುಲೈನಲ್ಲಿ, ತೀರಿಕೊಂಡ. ಅವನ ಸಮಾಧಿ ಕಲ್ಲಿನ ಮೇಲೆ ಅಂತರ್ಯುದ್ಧದ ಸಿಪಾಯಿ ಎಂದಷ್ಟೇ ಇದೆ. ಯಾವ ಕಡೆ ಎಂದು ಇಲ್ಲ.

ಕಲ್ಲಿನಲ್ಲಿ ಬರೆಯದಿದ್ದರೂ ಊರಿಗೆ ಗೊತ್ತಿತ್ತು. 1930ರ ದಶಕದಲ್ಲೂ ಶಾಲೆಯ ಹುಡುಗರು ಐರೀನ್‌ಗೆ ದ್ರೋಹಿಯ ಮಗಳು ಎಂದು ಛೇಡಿಸುತ್ತಿದ್ದರು. ಶಾಲೆಯಲ್ಲಿ ಟೀಚರ್ ಹೊಡೆತ, ಮನೆಯಲ್ಲೂ ಹೊಡೆತ. ಒಂದನೇ ಕ್ಲಾಸಿನಲ್ಲೇ ತಂಬಾಕು ಜಗಿಯಲು ಕಲಿತೆ ಎಂದು ಅವರೇ ವಯಸ್ಸಾದ ಮೇಲೆ ಪತ್ರಕರ್ತರ ಹತ್ತಿರ ಹೇಳಿಕೊಂಡಿದ್ದರು. ಅಪ್ಪ ಸತ್ತಾಗ ಎಂಟು ವರ್ಷ. 1943ರಲ್ಲಿ ತಾಯಿ ಮಗಳು ಕೌಂಟಿಯ ಬಡವರ ಮನೆ ಸೇರಿದರು. ನಮ್ಮಲ್ಲಿ ಗಂಜಿ ಕೇಂದ್ರ, ವೃದ್ಧಾಶ್ರಮ ಎರಡೂ ಒಂದೇ ಸೂರಿನಡಿ ಇದ್ದ ಹಾಗೆ, ಅಂಥ ಜಾಗ. 1960ರಲ್ಲಿ ಅಲ್ಲಿಂದ ಆರೈಕೆ ಕೇಂದ್ರಕ್ಕೆ. ತಾಯಿ 1967ರಲ್ಲಿ ಹೋದಳು, ತಮ್ಮ 1996ರಲ್ಲಿ. ಕೊನೆಯ ವರ್ಷಗಳಲ್ಲಿ ಒಕ್ಕೂಟದ ಸಿಪಾಯಿಗಳ ವಂಶಸ್ಥರ ಸಂಘದವರು ಬಂದು ಮಾತಾಡಿಸಿಕೊಂಡು ಹೋಗುತ್ತಿದ್ದರು. ಪಿಂಚಣಿಯನ್ನು ಸುದ್ದಿ ಮಾಡಿದವರು ಅದನ್ನು ಒಂದು ಸೋಜಿಗ ಎಂಬಂತೆ ಬರೆದರು. ನನಗೆ ಸೋಜಿಗಕ್ಕಿಂತ ಈ ಬದುಕೇ ಹೆಚ್ಚು ಕಾಡುತ್ತೆ. ತಾನು ನೋಡದ ಯುದ್ಧಕ್ಕೆ ಪ್ರತಿ ತಿಂಗಳು ಹಣ ಬಂತು, ಬೈಗುಳವೂ ಬಂತು.

ನೀವು ಧಾರವಾಡದವರು, ಅದಕ್ಕೆ ಒಂದು ಅಡ್ಡಮಾತು. ಈ ಯುದ್ಧ ನಿಮ್ಮ ಊರನ್ನೂ ಮುಟ್ಟಿತ್ತು. ಅಮೆರಿಕದ ದಕ್ಷಿಣದ ಬಂದರುಗಳನ್ನು ಉತ್ತರದವರು ಮುಚ್ಚಿಸಿದಾಗ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು. ಅದಕ್ಕೆ ಬಂಗಾರದ ಬೆಲೆ ಬಂತು. ಆ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕೆಂದು ಮ್ಯಾಂಚೆಸ್ಟರಿನವರು ಒತ್ತಡ ತಂದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಒತ್ತಡವೂ ಇತ್ತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು. ಮೋಸ್ ಮನೆಗೆ ಮರಳಿದ ವರ್ಷವೇ ನಿಮ್ಮ ಕಡೆಯ ಹತ್ತಿ ವ್ಯಾಪಾರಿಗಳ ಜೇಬಿಗೂ ಕತ್ತರಿ ಬಿತ್ತು.

ಈಗ ನಿಮ್ಮ ಸೊಸೆಯ ಪ್ರಶ್ನೆ. ಖಂಡಿತ ಹುಡುಕಬಹುದು. ಬೆಟ್ಟದ ಮನೆಗಳಲ್ಲಿ ‘ಯಾವ ಕಡೆ’ ಎಂಬುದಕ್ಕೆ ಒಂದೇ ಉತ್ತರ ಸಿಗಬೇಕೆಂದು ಮಾತ್ರ ಹೋಗಬೇಡಿ. 1862ರಲ್ಲಿ ಒಂದು ಕಡೆ, 1864ರಲ್ಲಿ ಇನ್ನೊಂದು ಕಡೆ ಇರಬಹುದು. ಅಣ್ಣ ಅಲ್ಲಿ, ತಮ್ಮ ಇಲ್ಲಿ ಇರಬಹುದು.

ಮೊದಲು ಸೇವಾ ದಾಖಲೆ. ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಎರಡೂ ಸೈನ್ಯಗಳ ಸಿಪಾಯಿಗಳ ಕಾರ್ಡುಗಳಿವೆ. ಹಳೇ ಹಾಜರಿ ಪಟ್ಟಿಗಳಿಂದ ಒಬ್ಬೊಬ್ಬ ಸಿಪಾಯಿಯ ವಿವರವನ್ನು ಗುಮಾಸ್ತರು ಬಿಡಿಬಿಡಿ ಕಾರ್ಡಿಗೆ ಇಳಿಸಿದ್ದಾರೆ. ಎರಡೆರಡು ತಿಂಗಳಿಗೊಂದು ಕಾರ್ಡು. ‘ಹಾಜರ್’, ‘ಗೈರು, ಕಾಯಿಲೆ’, ‘ಆಸ್ಪತ್ರೆಯಲ್ಲಿ’, ಆಮೇಲೆ ಇದ್ದಕ್ಕಿದ್ದಂತೆ ‘ಓಡಿಹೋಗಿದ್ದಾನೆ’. ಒಬ್ಬ ಹುಡುಗನ ವರ್ಷವೇ ಹೀಗೆ ನಾಲ್ಕೈದು ಕಾರ್ಡಿನಲ್ಲಿ ಸರಿದುಹೋಗುತ್ತೆ. ಸೋತ ಸೈನ್ಯದ ಕಾಗದ ಉಳಿಯಿತು ಹೇಗೆ ಎನ್ನುವಿರಾ? ಅದರ ಹಿರಿಯ ಅಧಿಕಾರಿ ಸ್ಯಾಮ್ಯುಯೆಲ್ ಕೂಪರ್ ರಿಚ್ಮಂಡ್‌ನಿಂದ ಅವನ್ನು ಸಾಗಿಸಿ, 1865ರಲ್ಲಿ ಸುಡದೆ ಗೆದ್ದವರ ಕೈಗೆ ಒಪ್ಪಿಸಿದ. ಒಪ್ಪಿಸಿದ್ದು ನಿಮ್ಮ ಮಗ ಇರುವ ಶಾರ್ಲಟ್‌ನಲ್ಲೇ.

ಆಮೇಲೆ ಪಿಂಚಣಿ ಕಡತ. ಮನೆತನದ ವಿಷಯ ಸಿಗುವುದು ಇದರಲ್ಲೇ ಜಾಸ್ತಿ. 1898ರಲ್ಲಿ, ಮತ್ತೆ 1915ರಲ್ಲಿ ಇಲಾಖೆ ಪ್ರತಿ ಪಿಂಚಣಿದಾರನಿಗೂ ಪ್ರಶ್ನಾವಳಿ ಕಳಿಸಿತು. ಮದುವೆ ಯಾವಾಗ, ಎಲ್ಲಿ, ಯಾರು ಮಾಡಿಸಿದರು, ಮೊದಲು ಮದುವೆ ಆಗಿತ್ತಾ, ಮಕ್ಕಳ ಹೆಸರು, ಹುಟ್ಟಿದ ದಿನ, ಬದುಕಿದ್ದಾರಾ. ಜನನ ಪತ್ರ ಇಲ್ಲದ ಕಾಲ. ಹೆಂಗಸರು ಮನೆಯ ಬೈಬಲ್ಲಿನಲ್ಲಿ ಮಕ್ಕಳ ಹೆಸರು ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸಿಬಿಡುತ್ತಿದ್ದರು. ಆ ಹಾಳೆಗಳು ಇನ್ನೂ ಕಡತಗಳಲ್ಲಿವೆ. ಸಂಶಯ ಬಂದರೆ ವಿಶೇಷ ತನಿಖಾಧಿಕಾರಿ ಊರಿಗೇ ಬಂದು ನೆರೆಹೊರೆಯವರ ಹೇಳಿಕೆ ಪಡೆಯುತ್ತಿದ್ದ. ಓದುವಾಗ ಒಂದು ಎಚ್ಚರ ಇರಲಿ. ಹಣ ಸಿಗಲಿ ಎಂದು ಬರೆಸಿದ ಕಾಗದ ಅದು. ನೋವನ್ನು ಸ್ವಲ್ಪ ದೊಡ್ಡದು ಮಾಡಿರುತ್ತಾರೆ, ಹಗೆ ಇರುವ ನೆರೆಯವನು ಬೇಕೆಂದೇ ಸಣ್ಣದು ಮಾಡಿರುತ್ತಾನೆ. ದಿನಾಂಕ, ಹೆಸರು, ಊರು ನಂಬಬಹುದು. ಗುಣಗಾನವನ್ನು ಅರ್ಧ ನಂಬಿ.

ಕರಿಯ ಸಿಪಾಯಿಗಳ ಮನೆತನದವರಿಗಂತೂ ಈ ಕಡತಕ್ಕೆ ಸಾಟಿ ಇಲ್ಲ. ಒಕ್ಕೂಟದ ಸೈನ್ಯದಲ್ಲಿ ಸುಮಾರು 1,79,000 ಕರಿಯ ಸಿಪಾಯಿಗಳಿದ್ದರು. ಅವರಲ್ಲಿ ಬಹುಪಾಲು ಗುಲಾಮರಾಗಿ ಹುಟ್ಟಿದವರು. 1870ಕ್ಕೆ ಮುಂಚಿನ ಜನಗಣತಿಯಲ್ಲಿ ಗುಲಾಮರ ಹೆಸರನ್ನೇ ಬರೆಯುತ್ತಿರಲಿಲ್ಲ. ಅವರ ವಿಧವೆಯರು ಪಿಂಚಣಿಗಾಗಿ ಕೊಟ್ಟ ಹೇಳಿಕೆಯಲ್ಲಿ ಯಜಮಾನನ ಹೆಸರು, ತಾಯಿಯ ಹೆಸರು, ಮಾರಾಟವಾಗಿ ಹೋದ ಅಣ್ಣತಮ್ಮಂದಿರ ಹೆಸರು ಎಲ್ಲ ಸಿಗುತ್ತೆ.

ಕೇಂದ್ರದಲ್ಲಿ ಪಿಂಚಣಿ ಕಡತ ಸಿಗದಿದ್ದರೆ ರಾಲಿ ನಗರದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಕಾನ್ಫೆಡರೇಟ್ ಪಿಂಚಣಿ ಅರ್ಜಿಗಳನ್ನು ನೋಡಲಿ. 1890ರಲ್ಲಿ ಒಕ್ಕೂಟದ ಸಿಪಾಯಿಗಳದ್ದೇ ಒಂದು ಪ್ರತ್ಯೇಕ ಗಣತಿ ನಡೆದಿತ್ತು. ಆ ವರ್ಷದ ಸಾಮಾನ್ಯ ಜನಗಣತಿ 1921ರ ಬೆಂಕಿಯಲ್ಲಿ ಬಹುಪಾಲು ಹಾಳಾಯಿತು. ಆದರೆ ಉತ್ತರ ಕ್ಯಾರೊಲಿನಾದ ಸಿಪಾಯಿ ಗಣತಿ ಉಳಿದಿದೆ. ಗಣತಿದಾರರು ತಿಳಿಯದೆ ಕಾನ್ಫೆಡರೇಟ್‌ಗಳನ್ನೂ ಬರೆದುಕೊಂಡು ಆಮೇಲೆ ಗೀಟು ಎಳೆದಿದ್ದಾರೆ. ಗೀಟಿನಡಿಯ ಹೆಸರು ಚೆನ್ನಾಗೇ ಓದಬಹುದು. ಸಮಾಧಿ ಕಲ್ಲನ್ನೂ ನೋಡಿಬರಲಿ. ಸರ್ಕಾರ ಕೊಟ್ಟ ಕಲ್ಲಾದರೆ ಒಕ್ಕೂಟದವನದ್ದು ತಲೆ ದುಂಡಗೆ, ಮುಂದೆ ಗುರಾಣಿ ಆಕಾರದ ಕೆತ್ತನೆ. ಕಾನ್ಫೆಡರೇಟ್‌ನದ್ದು ತಲೆ ಚೂಪು.

ಹೊಸಬರು ಎಡವುವ ಜಾಗ ಎರಡು. ಒಂದು, ಒಂದೇ ಹೆಸರಿನವರು. ವಿಲ್ಕ್ಸ್‌ನಂಥ ಕೌಂಟಿಯಲ್ಲಿ ಅದೇ ಮನೆತನ, ಅದೇ ಹೆಸರು, ಅದೇ ವಯಸ್ಸಿನವರು ಮೂರ್ನಾಲ್ಕು ಜನ ಸಿಗುತ್ತಾರೆ. ಹೆಂಡತಿಯ ಹೆಸರು ಅಥವಾ ಊರು ಹೊಂದದೆ ಯಾರನ್ನೂ ‘ನಮ್ಮವನು’ ಎಂದುಕೊಳ್ಳಬಾರದು. ಇನ್ನೊಂದು, ರೆಜಿಮೆಂಟಿನ ಹೆಸರು. ‘ನಾರ್ತ್ ಕ್ಯಾರೊಲಿನಾ’ ಎಂದಿದ್ದ ಮಾತ್ರಕ್ಕೆ ಕಾನ್ಫೆಡರೇಟ್ ಎಂದು ತಿಳಿಯಬೇಡಿ. ಅದೇ ರಾಜ್ಯದ ಹೆಸರಿನ ರೆಜಿಮೆಂಟುಗಳು ಎರಡೂ ಸೈನ್ಯದಲ್ಲಿದ್ದವು. 2ನೇ ಅಥವಾ 3ನೇ ಎಂಬ ಸಂಖ್ಯೆಯ ಜೊತೆ ‘ಮೌಂಟೆಡ್ ಇನ್‌ಫೆಂಟ್ರಿ’ ಎಂದಿದ್ದರೆ ಅದು ಒಕ್ಕೂಟದ್ದು. ಆ ಕಾರ್ಡು ಸಿಕ್ಕಿದರೆ ಅಲ್ಲಿಗೇ ನಿಲ್ಲದೆ, ಅದೇ ಹೆಸರನ್ನು ಕಾನ್ಫೆಡರೇಟ್ ಕಾರ್ಡುಗಳಲ್ಲೂ ಒಮ್ಮೆ ಹುಡುಕಲು ನಿಮ್ಮ ಸೊಸೆಗೆ ಹೇಳಿ.